ಸೀಸದ ಲೆಕ್ಕ

ಗೃಹಸ್ಥನ ಹವ್ಯಾಸಗಳಲ್ಲಿ ಹೆಚ್ಚಿನವು ಪಡಸಾಲೆಯಲ್ಲೇ ಮುಗಿಯುತ್ತವೆ. ಕೋವಿಯ ಗುಂಡನ್ನು ಎರಕ ಹೊಯ್ಯುವ ಕೆಲಸ ಮಾತ್ರ ನೆಟ್ಟಗೆ ಅಡಿಗೆಮನೆಗೆ ಬರುತ್ತದೆ. ಸೀಸ ಕರಗಲು ಸುಮಾರು 327 ಡಿಗ್ರಿ ಸೆಂಟಿಗ್ರೇಡ್ ಕಾವು ಸಾಕು. ಅದಕ್ಕೆ ಕಮ್ಮಾರನ ಕುಲುಮೆಯೇ ಆಗಬೇಕೆಂದಿಲ್ಲ, ರೊಟ್ಟಿ ಬೇಯಿಸಿ ಉಳಿದ ಕೆಂಡವೇ ಸಾಲುತ್ತದೆ. ಸುರಪುರದ ಬೇಡರ ಕೀರ್ತಿಯನ್ನು ಎಲ್ಲರೂ ಕೋಟೆಯ ಬುರುಜುಗಳ ಮೇಲೆ ಹುಡುಕಿದ್ದಾರೆ. ಒಲೆಯ ಮುಂದೆ ಹುಡುಕಿದವರು ವಿರಳ.

1705ರ ಫೆಬ್ರವರಿಯಲ್ಲಿ ಔರಂಗಜೇಬನೇ ದಂಡೆತ್ತಿ ಬಂದು, ಸುರಪುರದ ಬಳಿಯ ವಾಗಣಗೇರಿಯನ್ನು ಮುತ್ತಿದನು. ಎಂಬತ್ತಾರು ವರ್ಷದ ಆ ಬಾದಶಹನಿಗೆ ಅದೇ ಕಡೆಯ ದೊಡ್ಡ ಮುತ್ತಿಗೆ. ಪಿಡ್ಡನಾಯಕನ ಬೇಡರು ಏಪ್ರಿಲ್ ಕೊನೆಯವರೆಗೂ ತಡೆದು ನಿಂತು, ಬಳಿಕ ರಾತ್ರೋರಾತ್ರಿ ಬರಿದು ಕೋಟೆಯನ್ನು ಶತ್ರುವಿಗೆ ಬಿಟ್ಟು ಜಾರಿಕೊಂಡರು. ಅವರ ಕೋವಿಯ ಗುರಿಯನ್ನು ಇತಿಹಾಸಕಾರರು ಬಾಯ್ತುಂಬ ಕೊಂಡಾಡಿದ್ದಾರೆ. ಆ ಗುರಿ ಬಂದದ್ದಾದರೂ ಎಲ್ಲಿಂದ? ರಕ್ತದಿಂದ, ಕುಲದಿಂದ ಎನ್ನುವುದು ಸುಲಭದ ಉತ್ತರ. ಮೊಗಲರ ಮದ್ದುಗುಂಡು ಖಜಾನೆಯ ಖರ್ಚಿನಲ್ಲಿ ಬರುತ್ತಿತ್ತು. ಚಾಕರಿಗೆ ಪ್ರತಿಯಾಗಿ ಪಡೆದ ಹೊಲವನ್ನು ಉತ್ತು ಬದುಕುವ ಬೇಡನಿಗೆ ಪ್ರತಿಯೊಂದು ಗುಂಡೂ ಜೋಳದ ಚೀಲಕ್ಕೆ ಬೀಳುವ ತೂತು. ಗುರಿ ತಪ್ಪುವುದು ಅವನ ಕೈಗೆಟುಕದ ಐಷಾರಾಮವಾಗಿತ್ತೆಂದೇ ತೋರುತ್ತದೆ.

ವಾಚಕರು ಮನಸ್ಸಿನಲ್ಲೇ ಲೆಕ್ಕ ಹಾಕಬಹುದು. ‘ಹನ್ನೆರಡು ಬೋರಿನ ಕೋವಿ’ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಒಂದು ಪೌಂಡು ಸೀಸದಿಂದ ಆ ನಳಿಗೆಗೆ ಹೊಂದುವ ಹನ್ನೆರಡು ಉರುಟು ಗುಂಡುಗಳಾಗುತ್ತವೆ ಎನ್ನುವುದೇ ಅದರ ಅರ್ಥ; ಒಂದೊಂದೂ 38 ಗ್ರಾಂ. ಇಪ್ಪತ್ತು ಬೋರಿನದಾದರೆ ಅದೇ ಪೌಂಡಿಗೆ ಇಪ್ಪತ್ತು ಗುಂಡು. ಬೋರಿನ ಅಂಕಿ ಹೆಚ್ಚಿದಷ್ಟೂ ನಳಿಗೆ ಕಿರಿದು, ಖರ್ಚು ಕಡಿಮೆ. ಕೋವಿಯ ಹೆಸರಿನಲ್ಲೇ ಸಂಸಾರದ ಆಯವ್ಯಯ ಅಡಗಿದೆಯೆಂದರೆ ತಪ್ಪೇನು?

ಇಕ್ಕಳದಂತೆ ತೆರೆದು ಮುಚ್ಚುವ ಎರಡು ಹೋಳಿನ ಅಚ್ಚು, ಸಣ್ಣದೊಂದು ಸೌಟು, ಕಬ್ಬಿಣದ ಬಾಣಲೆ, ಇಷ್ಟೇ ಸಾಮಗ್ರಿ. ಮೊದಲ ಕೆಲವು ಗುಂಡುಗಳು ತಣ್ಣನೆಯ ಅಚ್ಚಿನಲ್ಲಿ ಸುಕ್ಕುಗಟ್ಟುತ್ತವೆ. ಅವೂ, ಕತ್ತರಿಸಿ ತೆಗೆದ ಬಾಲಗಳೂ ಮರಳಿ ಬಾಣಲೆಗೇ ಬೀಳುತ್ತವೆ. ಗುರಿಹಲಗೆಯ ಹಿಂದಿನ ಮಣ್ಣುದಿಬ್ಬವನ್ನು ಕೆದಕಿದರೆ ಹಾರಿಸಿದ ಸೀಸವೂ ಸಿಕ್ಕೀತು. ಸೀಸದಂಥ ಮಿತವ್ಯಯದ ಲೋಹ ಬೇರೊಂದಿಲ್ಲ. ಆದರೆ ಒಂದು ಹನಿ ನೀರು ಬಿದ್ದರೆ ಸಾಕು, ಕರಗಿದ ಸೀಸ ಸಿಡಿದು ಮುಖದ ಮೇಲೆ ಹಾರುತ್ತದೆ. “ನೋಡ್ರೀ, ಈ ಸೀಸಾ ಕರಗಸಾಕ ನನ್ನ ಒಲೀನಽ ಬೇಕೇನು?” ಎಂದು ಎಷ್ಟು ಗೃಹಿಣಿಯರು ಗದರಿರಬಹುದೋ! ಇತಿಹಾಸ ಅದನ್ನು ಬರೆದಿಟ್ಟಿಲ್ಲ.

1857ರಲ್ಲಿ ಕಂಪನಿ ಸರಕಾರದ ನಿಶ್ಶಸ್ತ್ರೀಕರಣದ ಕಾಯಿದೆ ಬಂದಿತು. ಆ ವರ್ಷದ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸೆವೆಂದರು; ಊರಿಗೆ ಬೆಂಕಿ ಬಿತ್ತು, ಹಲವರು ಗಲ್ಲಿಗೇರಿದರು. 1858ರ ಫೆಬ್ರವರಿಯಲ್ಲಿ ಸುರಪುರದ ಮೇಲೆ ಕಾಳಗವಾಯಿತು. ಒಂದು ಕಾಲಕ್ಕೆ ಮೆಡೋಸ್ ಟೇಲರನ ಮೇಲ್ವಿಚಾರಣೆಯಲ್ಲಿ ಬೆಳೆದ ರಾಜಾ ವೆಂಕಟಪ್ಪನಾಯಕನು ಸೆರೆಸಿಕ್ಕಿ, ಅದೇ ವರ್ಷ ಗುಂಡೇಟಿನಿಂದ ತೀರಿಕೊಂಡನು. ಸಂಸ್ಥಾನ ನಿಜಾಮನ ಪಾಲಾಯಿತು. ಟೇಲರನ ಮನೆ, ಟೇಲರ್ ಮಂಜಿಲ್, ಗುಡ್ಡದ ಮೇಲೆ ಉಳಿಯಿತು.

ಕಾಯಿದೆ ಮಾಡದ ಕೆಲಸವನ್ನು ‘ಕೇಪು’ ಮಾಡಿತು. ಬತ್ತಿಯ ಕೋವಿಯ ಕಾಲದಲ್ಲಿ ಮದ್ದು, ಬತ್ತಿ, ಗುಂಡು ಎಲ್ಲವೂ ಊರಿನಲ್ಲೇ ಒದಗುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ತಾಮ್ರದ ಪುಟ್ಟ ಕೇಪನ್ನು ಯಾವ ಒಲೆಯೂ ಬೇಯಿಸಿಕೊಡಲಿಲ್ಲ. ತೋಟಾ ಬಂದ ಮೇಲಂತೂ ಗೃಹಸ್ಥ ಪೂರ್ತಿ ಅಂಗಡಿಯ ಸಾಲಗಾರನಾದನು. ಹಾರಿಸಿ ಬರಿದಾದ ಹಿತ್ತಾಳೆಯ ತೋಟಾವನ್ನು ಎಸೆಯದೆ, ಹೊಸ ಕೇಪು, ಮದ್ದು, ಗುಂಡು ತುಂಬಿ ಮತ್ತೆ ಬಳಸುವ ಪದ್ಧತಿ ಪರದೇಶಗಳಲ್ಲಿ ಬಹಳ ಮಂದಿಯ ಹವ್ಯಾಸ. ಸಲಕರಣೆಗೆ ಮೊದಲು ಸುರಿದ ಹಣ ಮರಳಿ ಬರುವುದರೊಳಗೆ ಉಳಿತಾಯದ ಹೆಸರಿನಲ್ಲಿ ಎರಡರಷ್ಟು ಹಾರಿಸಿರುತ್ತಾರೆಂಬ ವಿನೋದವೂ ಅವರಲ್ಲಿ ಉಂಟು. ನಮ್ಮಲ್ಲಿ 1959ರ ಆಯುಧ ಕಾಯಿದೆಯ ಮೇರೆಗೆ ಮದ್ದುಗುಂಡಿನ ತಯಾರಿಕೆಗೂ ಪರವಾನಗಿ ಬೇಕು. ಅದೇ ಕಾಯಿದೆ ಬಾಯಿಂದ ಮದ್ದು ತುಂಬುವ ಹಳೆಯ ಕೋವಿಯನ್ನು ಮರೆತಿಲ್ಲ. ಬೆಳೆಯ ರಕ್ಷಣೆಗೆಂದು ಅದಕ್ಕೆ ಪರವಾನಗಿ ಕೊಡುವ ಮಾತು ಅದರಲ್ಲಿದೆ. ಆದರೆ 1972ರ ವನ್ಯಜೀವಿ ಕಾಯಿದೆಯಿಂದೀಚೆಗೆ ಹೊಲಕ್ಕೆ ನುಗ್ಗಿದ ಮಿಗವನ್ನು ಮನಬಂದಂತೆ ಹೊಡೆಯುವಂತಿಲ್ಲ. ಶಹಾಪುರದ ತೊಗರಿಯ ಹೊಲದಲ್ಲಿ ಕಾವಲು ಕೂತವನಿಗೆ ಗುಂಡಿಗಿಂತ ಸದ್ದೇ ಹೆಚ್ಚಿನ ಉಪಕಾರಿ, ಅಗ್ಗವೂ ಹೌದು.

ಹಳೆಯ ಲೆಕ್ಕದಲ್ಲಿ ಬರೆಯದೆ ಉಳಿದ ಬಾಬೊಂದಿದೆ. ಸೀಸದ ಹೊಗೆಯೂ ಬೂದಿಯೂ ಮೈ ಸೇರಿ ನಿಲ್ಲುತ್ತವೆ. ಅದರಲ್ಲೂ ಎಳೆಯ ಮಕ್ಕಳ ಮಿದುಳಿಗೆ ತಗಲುತ್ತವೆ. ನೆತ್ತರಿನಲ್ಲಿ ಇಷ್ಟು ಸೀಸವಿದ್ದರೆ ಬಾಧಕವಿಲ್ಲವೆಂಬ ಮಟ್ಟವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಲೆಯ ಮುಂದೆ ಕುಳಿತು, ಬೆಳ್ಳಿಯಂತೆ ಹೊಳೆಯುವ ಆ ದ್ರವವನ್ನು ಕಣ್ಣರಳಿಸಿ ನೋಡಿದ ಮಕ್ಕಳು ಎಷ್ಟು ಮಂದಿಯೋ. ಇಂದು ಎರಕ ಹೊಯ್ಯುವವರು ಬಯಲಿನಲ್ಲಿ, ಮಕ್ಕಳಿಂದ ದೂರ ಕುಳಿತು ಹೊಯ್ಯುತ್ತಾರೆ, ಕೈ ತೊಳೆಯದೆ ತುತ್ತು ಮುಟ್ಟುವುದಿಲ್ಲ; ಆ ಬಾಣಲೆ ಮತ್ತೆ ಅಡಿಗೆಮನೆಗೆ ಬರುವುದಿಲ್ಲ. ಗದರಿದ ಆ ಗೃಹಿಣಿ ವೈದ್ಯಶಾಸ್ತ್ರ ಓದಿದವಳಲ್ಲ. ತನ್ನ ಒಲೆಯನ್ನು ಕಾಯುತ್ತಿದ್ದಳು, ಅಷ್ಟೆ.