ಸಂದರ್ಶಕರ ಪುಸ್ತಕ

ಜಿಲ್ಲಾ ಕಾರಾಗೃಹಕ್ಕೆ ನನ್ನನ್ನು ಅಧಿಕಾರೇತರ ಸಂದರ್ಶಕನೆಂದು ನೇಮಿಸಿದ ಕಾಗದ ಬಂದಾಗ ನಮ್ಮ ಬೀದಿಯವರಿಗೆ ಒಳ್ಳೆಯ ತಮಾಷೆ ಸಿಕ್ಕಿತು. “ಏನು ಮೇಷ್ಟ್ರೇ, ಜೈಲಿಗೆ ಯಾವಾಗ?” ಎಂದು ಹಾಲಿನವನೂ ಕೇಳತೊಡಗಿದ. ಮೂವತ್ತು ವರ್ಷ ಹುಡುಗರನ್ನು ನಾಲ್ಕು ಗೋಡೆಗಳೊಳಗೆ ಕೂಡಿಹಾಕಿದವರಿಗೆ ತಕ್ಕ ಕೆಲಸವೇ ಸಿಕ್ಕಿದೆಯೆಂದು ನನ್ನ ಹೆಂಡತಿಯ ಅಭಿಪ್ರಾಯ.

ಈ ಸಂದರ್ಶಕರು ಹೊಸಬರೇನಲ್ಲ. ಬ್ರಿಟಿಷರ 1894ರ ಕಾರಾಗೃಹ ಕಾಯಿದೆಯಲ್ಲೇ ಅವರ ನೇಮಕಕ್ಕೆ ಅವಕಾಶವಿತ್ತು. ಇಲಾಖೆಗೆ ಸೇರದ ಒಬ್ಬರು ಆಗಾಗ ಒಳಗೆ ಹೋಗಿ ಅನ್ನ, ನೀರು, ಕಕ್ಕಸು, ಔಷಧಿ ನೋಡಬೇಕು. ಕೈದಿಗಳ ಅಹವಾಲು ಕೇಳಬೇಕು. ಕಂಡದ್ದನ್ನು ಅಲ್ಲಿಯ ಪುಸ್ತಕದಲ್ಲಿ ಬರೆಯಬೇಕು. ಅಷ್ಟೆ. ಒಂದು ಬೀಗ ತೆಗೆಸುವ ಅಧಿಕಾರವೂ ಇಲ್ಲ.

ಮೊದಲ ಭೇಟಿಗೆ ಹಿಂದಿನ ದಿನವೇ ಫೋನು ಮಾಡಿ ಹೋದೆ. ಅದು ನನ್ನ ದಡ್ಡತನ. ಅಂಗಳಕ್ಕೆ ನೀರು ಚಿಮುಕಿಸಿದ್ದರು. ಸಾರಿನಲ್ಲಿ ಸೌಟು ನಿಲ್ಲುವಷ್ಟು ಬೇಳೆ. ಜೈಲರು ನನ್ನ ಪಕ್ಕದಲ್ಲೇ ನಡೆದರು. ಸಾಲಾಗಿ ಕೂತವರನ್ನು, “ಏನಾದರೂ ತೊಂದರೆ ಇದೆಯೇ?” ಎಂದೆ. “ಇಲ್ಲ ಸಾರ್” ಎಂದು ಒಂದೇ ಸ್ವರ. ಆ ಸ್ವರ ನನಗೆ ಪರಿಚಿತವೇ. ಶಾಲೆಗೆ ಇನ್ಸ್‌ಪೆಕ್ಟರು ಬಂದಾಗ ನಮ್ಮ ಹುಡುಗರೂ ಹಾಗೇ ಹೇಳುತ್ತಿದ್ದರು. ಹೇಳಿಕೊಟ್ಟವನು ನಾನೇ.

ಎರಡನೆಯ ಸಲ ಹೇಳದೆ ಹೋದೆ. ಜೈಲರ ಮುಖ ಸಪ್ಪಗಾಯಿತು. ಅವರು ಕೆಟ್ಟವರಲ್ಲ, ಜಾಗಕ್ಕಿಂತ ಹೆಚ್ಚು ಜನ, ಕೆಲಸಕ್ಕಿಂತ ಕಡಿಮೆ ವಾರ್ಡರುಗಳು, ಅವರ ಪಾಡು ಅವರಿಗೆ. “ನಾನು ಕಣ್ಣಿಗೆ ಕಾಣುವಷ್ಟು ಹತ್ತಿರವಿರಿ, ಮಾತು ಕೇಳದಷ್ಟು ದೂರವಿರಿ” ಎಂದೆ. ಒಪ್ಪಿದರು.

ಅಡುಗೆಮನೆಯ ಹಿಂದೆ ಒಬ್ಬ ಈರುಳ್ಳಿ ಹೆಚ್ಚುತ್ತ ಕೂತಿದ್ದ. ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವನು. ತಲೆ ಎತ್ತದೆಯೇ, “ನನಗ ಬೇಲ್ ಆಗಿ ಐದ್ ತಿಂಗಳಾತ್ರೀ” ಎಂದ. ನಾನು ನಂಬಲಿಲ್ಲ. ಆಫೀಸಿನಲ್ಲಿ ಕಡತ ತೆಗೆಸಿದರೆ ಮಾತು ನಿಜ! ಕೋರ್ಟು ಜಾಮೀನು ಕೊಟ್ಟಿದೆ. ಪಹಣಿ ಹಿಡಿದು ಬಂದು ಜಾಮೀನು ನಿಲ್ಲುವವರು ಈ ಪರಊರಿನಲ್ಲಿ ಯಾರೂ ಇಲ್ಲ.

1978ರಲ್ಲೇ ಮೋತಿರಾಮ್ ಎಂಬ ಗಾರೆ ಕೆಲಸದವನ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, 10,000 ರೂಪಾಯಿ ಜಾಮೀನಿನ ಬದಲು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದ್ದರು. ಜಾಮೀನಾದ ಮೇಲೂ ಏಳು ದಿನದೊಳಗೆ ಬಿಡುಗಡೆಯಾಗದವರ ವಿಷಯವನ್ನು ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2023ರಲ್ಲಿ. ನಾನು ಹೇಳುತ್ತಿರುವುದು ಅದಕ್ಕೂ ಹಿಂದಿನ ಮಾತು.

“ಇದನ್ನು ಬರೆಯಲೇಬೇಕೇ ಮೇಷ್ಟ್ರೇ?” ಎಂದರು ಜೈಲರು, ಕಾಫಿ ಮುಂದಿಡುತ್ತ. ಬರೆದೆ, ಕಾಫಿಯನ್ನೂ ಕುಡಿದೆ. ಒಂದು ಪ್ರತಿಯನ್ನು ಪ್ರಾಧಿಕಾರಕ್ಕೆ ಕೊಟ್ಟು ಬಂದೆ. ಮೂರು ವಾರಕ್ಕೆ ಅವನು ಸ್ವಂತ ಮುಚ್ಚಳಿಕೆಯ ಮೇಲೆ ಊರಿಗೆ ಹೋದ.

ಅಂದು ಬರೆಯುವ ಮೊದಲು ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿದ್ದೆ. ಪುಟದ ಮೇಲೆ ಪುಟ “ಎಲ್ಲವೂ ತೃಪ್ತಿಕರ.” ಕೊನೆಯದು ಮೂರು ತಿಂಗಳ ಹಿಂದಿನದು, ನನ್ನದೇ ದುಂಡನೆಯ ಅಕ್ಷರ. “ಇಲ್ಲ ಸಾರ್” ಎಂದವರ ಸಾಲಿನಲ್ಲಿ ಅವನೂ ಕೂತಿದ್ದ.