ಕಪಿಮರಣವೂ ಅನುಮಾನಪ್ರಮಾಣವೂ

ಪರ್ವತದಲ್ಲಿ ಹೊಗೆಯನ್ನು ಕಂಡು ಅಲ್ಲಿ ಅಗ್ನಿಯುಂಟೆಂದು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಗುರುಸನ್ನಿಧಿಯಲ್ಲಿ ಅದನ್ನು ಕಂಠಸ್ಥ ಮಾಡಿದವರಲ್ಲಿ ನಾನೂ ಒಬ್ಬ. ಆ ಹೊಗೆಯನ್ನು ಪುಸ್ತಕದಿಂದಾಚೆ ಕಾಣಬಯಸುವವರು ಸಾಂಕ್ರಾಮಿಕ ರೋಗಗಳ ಮೂಲವನ್ನು ಹುಡುಕುವವರ ಕಾರ್ಯವನ್ನು ನೋಡಬೇಕು.

ನಮ್ಮ ಬಳ್ಳಾರಿ ಸೀಮೆಯ ಹಿರಿಯರಿಗೆ ಇದರ ಪರಿಚಯವಿದ್ದಿತು. 1896ರಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗು ದಕ್ಷಿಣಕ್ಕಿಳಿದ ಮೇಲೆ, "ಇಲಿ ಬಿತ್ತು" ಎಂಬ ಮಾತು ಕಿವಿಗೆ ಬಿದ್ದೊಡನೆ ಜನರು ಮನೆಗೆ ಬೀಗವಿಕ್ಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರೆಂದು ಕುಡತಿನಿಯ ವೃದ್ಧರ ಬಾಯಿಂದ ಬಾಲ್ಯದಲ್ಲಿ ಕೇಳಿದ್ದೇನೆ. ಸತ್ತ ಇಲಿಯನ್ನು ತೊರೆದ ಚಿಗಟವು ಮನುಷ್ಯರ ರಕ್ತವನ್ನು ಅರಸುತ್ತದೆಂಬ ಕಾರಣವು ಅವರಿಗೆ ತಿಳಿದಿರಲಿಲ್ಲ. ಇಲಿ ಸತ್ತೆಡೆ ಮನುಷ್ಯನೂ ಸಾಯುವನೆಂಬ ವ್ಯಾಪ್ತಿ ಮಾತ್ರ ತಿಳಿದಿತ್ತು. ಊರು ಬಿಡಲು ಅಷ್ಟು ಸಾಕಾಗಿತ್ತು.

ಆದರೆ ಹೇತುವನ್ನು ಕಂಡಮಾತ್ರಕ್ಕೆ ಸಾಧ್ಯವು ದೊರೆತಂತಾಗದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳತೊಡಗಿದವು. ಕಾಡಿನಂಚಿನ ಹಳ್ಳಿಗಳಲ್ಲಿ ಜನರಿಗೂ ತೀವ್ರ ಜ್ವರ. ದಕ್ಷಿಣ ಅಮೆರಿಕದ ಅರಣ್ಯಗಳಲ್ಲಿ ಮಂಗಗಳು ಸತ್ತರೆ ಅದು ಹಳದಿ ಜ್ವರದ ಮುನ್ಸೂಚನೆ. ಭಾರತಕ್ಕೆ ಎಂದೂ ಬಾರದ ಆ ರೋಗವೇ ಬಂದಿತೋ ಎಂಬ ಶಂಕೆ ಸಹಜವಾಗಿಯೇ ಹುಟ್ಟಿತು. ಅದನ್ನು ಹರಡಬಲ್ಲ ಸೊಳ್ಳೆ ನಮ್ಮಲ್ಲಿ ಯಥೇಚ್ಛವಾಗಿದೆಯಷ್ಟೆ! ನೈಯಾಯಿಕರ ಮಾತಿನಲ್ಲಿ ಇದು ಸವ್ಯಭಿಚಾರ ಹೇತು: ಕಪಿಮರಣವು ಒಂದೇ ರೋಗಕ್ಕೆ ಕಟ್ಟುಬಿದ್ದ ಚಿಹ್ನೆಯಲ್ಲ.

ಶಂಕೆಯನ್ನೇ ಸಿದ್ಧಾಂತವೆನ್ನದೆ, ಪುಣೆಯ ವೈರಾಣು ಸಂಶೋಧನ ಕೇಂದ್ರದವರು ಕಾಡಿಗೇ ಬಂದರು. ಸತ್ತ ಮಂಗಗಳ ಅಂಗಗಳಿಂದಲೂ ರೋಗಿಗಳ ರಕ್ತದಿಂದಲೂ ಬೇರ್ಪಡಿಸಿದ ವೈರಾಣು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಿದುಳುಜ್ವರದ ವೈರಾಣುವಿಗೆ ಅದು ದಾಯಾದಿಯೆಂದು ಪರೀಕ್ಷೆಯಲ್ಲಿ ಕಂಡಿತು. ದೃಷ್ಟಿಯು ಸೊಳ್ಳೆಯಿಂದ ಉಣ್ಣೆಗೆ ತಿರುಗಿದ್ದು ಹೀಗೆ. ತರಗೆಲೆಯ ನಡುವಿನ ಉಣ್ಣೆಗಳಲ್ಲೂ ಅದೇ ವೈರಾಣು ಸಿಕ್ಕಿತು. ಲೋಕದ ವೈದ್ಯಗ್ರಂಥಗಳು ಈ ರೋಗವನ್ನು ಕ್ಯಾಸನೂರಿನ ಹೆಸರಿನಿಂದ ಕರೆಯುತ್ತವೆ. ಮಲೆನಾಡಿಗರು ಮಂಗನ ಕಾಯಿಲೆಯೆನ್ನುತ್ತಾರೆ. ಪಾಪ, ಮಂಗವೂ ನಮ್ಮಂತೆಯೇ ರೋಗಿ. ಅಪಕೀರ್ತಿ ಮಾತ್ರ ಅದಕ್ಕೆ!

ಸತ್ತ ಮಂಗದ ಮೈಯಿಂದ ಉಣ್ಣೆಗಳು ಕೆಳಗಿಳಿದು ಹರಡುವುದರಿಂದ, ಅದು ಬಿದ್ದ ಸ್ಥಳದ ಸುತ್ತ 50 ಅಡಿ ಕೀಟನಾಶಕವನ್ನು ಉದುರಿಸುವ ಕ್ರಮ ರೂಢಿಗೆ ಬಂದಿತು. ಇದು ನಡೆಯಬೇಕಾದರೆ ಮಂಗ ಸತ್ತ ಸುದ್ದಿ ಮೊದಲು ಆರೋಗ್ಯ ಕೇಂದ್ರವನ್ನು ಮುಟ್ಟಬೇಕು. ಮಂಗವು ಹನುಮಂತನ ಸ್ವರೂಪವೆಂದು ಅದಕ್ಕೆ ಶವಸಂಸ್ಕಾರ ಮಾಡುವ ಭಕ್ತಿ ನಮ್ಮ ಹಳ್ಳಿಗಳಲ್ಲುಂಟು. ಆ ಭಕ್ತಿಗೆ ನನ್ನ ಆಕ್ಷೇಪವಿಲ್ಲ. ಆದರೆ ಕಾಡಿನ ಸೀಮೆಯಲ್ಲಿ ಸುದ್ದಿ ಮುಟ್ಟಿಸದೆ ಬರಿಗೈಯಿಂದ ಶವವನ್ನೆತ್ತುವುದು ಭಕ್ತಿಯಲ್ಲ, ದುಡುಕು. 2018ರ ಡಿಸೆಂಬರಿನಿಂದ 2019ರ ಬೇಸಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಈ ರೋಗ ಮನೆಮನೆಗಳಲ್ಲಿ ತಂದಿಟ್ಟ ದುಃಖವನ್ನು ವೃತ್ತಪತ್ರಿಕೆಗಳಲ್ಲಿ ಓದಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಸುದ್ದಿ ಮುಟ್ಟಿಸುವ ಕ್ರಮಕ್ಕೆ ಈಗ ದೇಶವ್ಯಾಪಿಯಾದ ವ್ಯವಸ್ಥೆಯುಂಟು. 2004ರಲ್ಲಿ ಆರಂಭವಾದ ಸಮಗ್ರ ರೋಗ ಸರ್ವೇಕ್ಷಣ ಯೋಜನೆಯಲ್ಲಿ ಉಪಕೇಂದ್ರದ ಕಾರ್ಯಕರ್ತೆ ಲಕ್ಷಣಗಳನ್ನೂ, ವೈದ್ಯರು ತಮ್ಮ ಊಹೆಯನ್ನೂ, ಪ್ರಯೋಗಾಲಯವು ನಿಶ್ಚಯವನ್ನೂ ಬೇರೆಬೇರೆ ನಮೂನೆಗಳಲ್ಲಿ ವಾರವಾರವೂ ಬರೆದು ಕಳುಹಿಸುವ ಏರ್ಪಾಡಾಯಿತು. ಅನಂತರ ಅದು ಗಣಕಯಂತ್ರಕ್ಕೇರಿತು. ಲಕ್ಷಣ, ಊಹೆ, ನಿಶ್ಚಯಗಳನ್ನು ಒಂದರೊಡನೊಂದು ಬೆರೆಸದ ಈ ವಿಭಾಗವು ನಮ್ಮ ಶಾಸ್ತ್ರಕಾರರಿಗೂ ಮೆಚ್ಚಿಗೆಯಾಗುತ್ತಿತ್ತು.

ನನಗೆ ಅತ್ಯಂತ ಹಿಡಿಸಿದ್ದು ಇನ್ನೊಂದು. ರೋಗಿಗಳಿಲ್ಲದ ವಾರದಲ್ಲಿಯೂ ಸೊನ್ನೆಯೆಂದು ಬರೆದೇ ಕಳುಹಿಸಬೇಕೆಂಬುದು ಅಲ್ಲಿಯ ನಿಯಮ. ವೈಶೇಷಿಕರು ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿದರು. ಸಹಪಾಠಿಗಳು ಅದನ್ನು ಕೇಳಿ ನಗುತ್ತಿದ್ದುದುಂಟು. ಸೊನ್ನೆ ಬಂದರೆ ಆ ಊರಲ್ಲಿ ವಿಚಾರಿಸಿದವರೊಬ್ಬರಿದ್ದಾರೆಂದು ಅರ್ಥ. ಏನೂ ಬಾರದಿದ್ದರೆ ಅಲ್ಲಿ ರೋಗವಿಲ್ಲವೋ, ನೋಡುವವರೇ ಇಲ್ಲವೋ ತಿಳಿಯದು. ಜಿಲ್ಲೆಯ ಕಚೇರಿಯವರು ದೂರವಾಣಿ ಮಾಡಿ ಕೇಳಲೇಬೇಕಾಗುತ್ತದೆ.