ಸೈನೈಡ್ ದಿಬ್ಬದ ಅಂಚು ಹುಡುಕುತ್ತಾ

ಚಾಂಪಿಯನ್ ರೀಫ್ ಕಡೆಯ ರಸ್ತೆಯಲ್ಲಿ ನೀವು ಜೀಪಿನಿಂದ ಇಳಿಯುವಷ್ಟರಲ್ಲೇ ಆಷಾಢದ ಗಾಳಿ ಎದ್ದಿದೆ. ಎದುರಿಗೆ ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನ ಸೈನೈಡ್ ದಿಬ್ಬ. ಮೈತುಂಬ ಮಳೆನೀರು ಕೊರೆದ ಕೊರಕಲು, ನೆತ್ತಿಯಿಂದ ಏಳುತ್ತಿರುವ ಬೂದು ಪುಡಿ. ಮಾಸ್ಕ್ ಕಟ್ಟಿಕೊಂಡರೂ ಹಲ್ಲಿನ ಸಂದಿಯಲ್ಲಿ ಕರಕರ ಎನ್ನುತ್ತದೆ.

ಅದಿರನ್ನು ರಾಗಿ ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದದ್ದು ಈ ಪುಡಿ. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕಾಲದಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಸುರಿದದ್ದು 13 ದಿಬ್ಬಗಳಾಗಿ ನಿಂತಿದೆ. ಒಟ್ಟು ಮೂರು ಕೋಟಿ ಟನ್ನಿಗೂ ಮೇಲೆ.

ಹೆಸರು ಸೈನೈಡಿನದು. ಆದರೆ ಬಿಸಿಲು, ಗಾಳಿಗೆ ಸಿಕ್ಕ ಸೈನೈಡ್ ಬಹುಪಾಲು ಒಡೆದುಹೋಗುತ್ತದೆ. ಕಬ್ಬಿಣದ ಜೊತೆ ಗಟ್ಟಿಯಾಗಿ ಬೆಸೆದದ್ದು ಒಳಪದರಗಳಲ್ಲಿ ಉಳಿಯಬಹುದು. ಎಷ್ಟು ವರ್ಷ ಕಳೆದರೂ ನಾಶವಾಗದ್ದು ಅದಿರಿನ ಜೊತೆ ಬಂದ ಆರ್ಸೆನಿಕ್. ಅದಿರಿನ ಸಲ್ಫೈಡ್ ಖನಿಜಗಳಿಗೆ ಮಳೆನೀರು, ಗಾಳಿ ತಾಗಿದರೆ ಆಮ್ಲ ಹುಟ್ಟುತ್ತದೆ, ಆಮ್ಲ ಲೋಹಗಳನ್ನು ಕರಗಿಸಿ ಕೆಳಕ್ಕೆ ಒಯ್ಯುತ್ತದೆ. ಅದಕ್ಕೇ ಕೊರಕಲಿನ ಬುಡದಲ್ಲಿ ಮೊದಲು ಪಿಎಚ್ ನೋಡಬೇಕು.

ವಿಷ ಎಲ್ಲಿಯವರೆಗೆ ಹರಡಿದೆ ಎಂದು ನೋಡಲು, ಮಣ್ಣು ತೆಗೆಯಬೇಕಾದ ಕಡೆಯೆಲ್ಲ ನಕ್ಷೆಯಲ್ಲಿ ಚೌಕಗಳನ್ನು ಹಾಕಿಕೊಂಡು ಬಂದಿದ್ದೀರಿ. ಗಾಳಿ ಪಡುವಣದಿಂದ ಬೀಸುವ ಕಾರಣ ಮೂಡಲ ಬದಿಯ ಚೌಕಗಳು ಒತ್ತೊತ್ತಾಗಿವೆ. ದಿಬ್ಬದ ಬುಡ ದಾಟಿ ಹೊಲದಂಚಿನಲ್ಲಿ ಮಣ್ಣು ಕೊರೆಯುವ ಆಗರ್ ಊರಿ ತಿರುಗಿಸಿ. ಮೇಲಿನ 15 ಸೆಂಟಿಮೀಟರ್ ಮಣ್ಣಿಗೆ ಬೇರೆಯೇ ಚೀಲ: ಗಾಳಿಗೆ ಏಳುವುದು, ಮಕ್ಕಳ ಕೈಗೆ ಮೆತ್ತುವುದು ಆ ಪದರವೇ. ಇನ್ನೂ ಇಳಿಸಿದಾಗ ಬೂದು ಮುಗಿದು ಕೆಮ್ಮಣ್ಣು ಬರುತ್ತದೆ, ಗೆರೆ ಎಳೆದಷ್ಟು ಸ್ಪಷ್ಟವಾಗಿ. ಅಲ್ಲಿಗೆ ನಿಲ್ಲಿಸಬೇಡಿ. ಪುಡಿ ಆ ಗೆರೆಗೆ ನಿಂತಿದೆ, ನೀರು ನಿಂತಿಲ್ಲ.

ಪ್ಲಾಸ್ಟಿಕ್ ಹಾಳೆಯ ಮೇಲೆ ಮಣ್ಣು ಕಲಸಿ, ಗುಪ್ಪೆ ಮಾಡಿ, ಅಡ್ಡ, ಉದ್ದ ಗೀಟೆಳೆದು ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ತಳ್ಳಿಬಿಡುತ್ತೀರಿ. ಉಳಿದದ್ದನ್ನು ಮತ್ತೆ ಗುಪ್ಪೆ ಮಾಡಿ ಮತ್ತೆ ನಾಲ್ಕು ಪಾಲು. ಸೈನೈಡ್ ಪರೀಕ್ಷೆಗೆ ಹೋಗುವ ಮಣ್ಣನ್ನು ಮಾತ್ರ ಹೀಗೆ ಹರಡುವಂತಿಲ್ಲ. ಎತ್ತಿದ ಕೂಡಲೇ ಕಂದು ಸೀಸೆಗೆ, ಸೀಸೆ ಐಸ್ ಪೆಟ್ಟಿಗೆಗೆ. ಆಗರ್ ತೊಳೆಯದೆ ಮುಂದಿನ ಗುಂಡಿಗೆ ಹೋದರೆ ಇಲ್ಲಿಯ ವಿಷ ಅಲ್ಲಿಯ ಲೆಕ್ಕಕ್ಕೆ ಸೇರುತ್ತದೆ.

ಕಷ್ಟವಿರುವುದು ಕೆಟ್ಟ ಮಣ್ಣನ್ನು ಹುಡುಕುವುದರಲ್ಲಲ್ಲ, ಹೋಲಿಸಲು ಕೆಡದ ಮಣ್ಣನ್ನು ಹುಡುಕುವುದರಲ್ಲಿ. ಕೋಲಾರದ ಶಿಸ್ಟ್ ಬಂಡೆಯ ಪಟ್ಟಿ ಚಿನ್ನದ ನೆಲ. ಇಂಥ ಬಂಡೆಯಲ್ಲಿ ಗಣಿಗಾರಿಕೆಗೂ ಮೊದಲೇ ಆರ್ಸೆನಿಕ್ ಇರಬಹುದು. ಪಟ್ಟಿಯಾಚೆ ದೂರದ ಗ್ನೈಸ್ ಬಂಡೆಯ ನೆಲದ ಮಣ್ಣೊಂದನ್ನೇ ಅಳತೆಗೋಲು ಮಾಡಿಕೊಂಡರೆ ಬಂಡೆಯ ಪಾಲೂ ಕಂಪನಿಯ ತಲೆಗೆ ಬೀಳುತ್ತದೆ. ದಿಬ್ಬದ ಪಕ್ಕದ್ದನ್ನೇ ‘ಸಹಜ’ ಎಂದುಕೊಂಡರೆ ಕಂಪನಿ ಬಿಟ್ಟುಹೋದದ್ದು ಲೆಕ್ಕಕ್ಕೇ ಸಿಗದೆ ಮಾಯವಾಗುತ್ತದೆ. ಆದ್ದರಿಂದ ಗಾಳಿ ಬರುವ ದಿಕ್ಕಿಗೆ ಹೋಗಿ, ಗಣಿ ಮುಟ್ಟದ ಶಿಸ್ಟ್ ನೆಲದಿಂದ ಒಂದಿಷ್ಟು, ಗ್ನೈಸ್ ನೆಲದಿಂದ ಒಂದಿಷ್ಟು ಮಣ್ಣು ತರುತ್ತೀರಿ. ಈ ಓಡಾಟಕ್ಕೆ ಹಿಡಿಯುವ ಹೊತ್ತಿನಲ್ಲಿ ಜಿಪುಣತನ ಮಾಡಿದ ವರದಿಯನ್ನು ನಾನಂತೂ ನಂಬಲಾರೆ.

ಮಧ್ಯಾಹ್ನ ಗಣಿ ಕಾರ್ಮಿಕರ ಲೈನ್ ಮನೆಗಳ ಬಳಿ ಬರುತ್ತೀರಿ. ಒಂದು ಹಿತ್ತಲಲ್ಲಿ ದಂಟಿನ ಸೊಪ್ಪು, ಎಲೆಗಳ ಮೇಲೆ ಅದೇ ಬೂದು ಪುಡಿ.

“ಮಣ್ಣು ತಗೊಂಡೋಗಿ ಏನ್ ನೋಡ್ತೀರ ಸಾರ್? ಈ ಸೊಪ್ಪು ತಿನ್ಬೋದಾ, ಬಾರ್ದಾ? ಅದ್ ಹೇಳಿ,” ಅನ್ನುತ್ತಾರೆ ಮಗುವಿನ ಜೊತೆ ನಿಂತ ಮನೆಯೊಡತಿ.

“ರಿಪೋರ್ಟ್ ಬರೋವರೆಗೂ ಬಿಡೋದೇ ವಾಸಿ ಅಮ್ಮ. ಮಗು ಮಣ್ಣು ಬಾಯಿಗೆ ಹಾಕದ ಹಾಗೆ ನೋಡ್ಕೊಳ್ಳಿ.”

ಅವರು ಕೇಳಿದ್ದೇ ಸರಿಯಾದ ಪ್ರಶ್ನೆ. ಮಣ್ಣಿನ ಜೊತೆ ಸೊಪ್ಪನ್ನೂ ಬೇರೆ ಚೀಲಕ್ಕೆ ಹಾಕುತ್ತೀರಿ. ಬೀದಿಯ ಬೋರ್‌ವೆಲ್ ನೀರನ್ನೂ ತುಂಬಿಸುತ್ತೀರಿ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು.

2025ರಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ನಿಯಮ ತಂದಿತು. ಗಣಿಗಾರಿಕೆಯಿಂದಾದ ಮಾಲಿನ್ಯವನ್ನು ಅದರಿಂದ ಹೊರಗಿಟ್ಟಿತು. ಇದು ಅನ್ಯಾಯ. ಈ ಹಿತ್ತಲಿಗೆ ಬಂದ ಪುಡಿ ಗಣಿಯದೋ ಕಾರ್ಖಾನೆಯದೋ ಎಂದು ಮಗುವಿನ ಮೈ ಕೇಳುವುದಿಲ್ಲ.

ನಿಮ್ಮ ನಕ್ಷೆಯ ಕೊನೆಯ ಗೆರೆ ಈ ಮನೆಯ ಗೋಡೆಗೇ ನಿಂತಿದೆ. ಆಚೆ ಬೀದಿಯ ತಾರಸಿಗಳ ಮೇಲೂ ಬೂದು ಕಾಣುತ್ತಿದೆ. ಪೆನ್ಸಿಲ್ ತೆಗೆದು ಮೂಡಲಿಗೆ ಇನ್ನೊಂದು ಸಾಲು ಚೌಕ ಸೇರಿಸಿ, ಆಗರ್ ತೊಳೆಯಲು ಕೂರುತ್ತೀರಿ.